ಅಕ್ಕನ ಮನೆಯಲ್ಲಿ ಕೂರಿಸಿದ ನೆಂಟರು

ನನ್ನ ಗಂಡ ಮುರುಗೇಶಪ್ಪನವರು ಮರೆಗುಳಿಯಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ಅವರು ನೆನಪಿಡುವುದನ್ನು ಕಲಿತು ಬಂದರು, ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಯಾವುದೋ ಹಾಲ್‌ನಲ್ಲಿ ಭಾನುವಾರ ಭಾನುವಾರ ಜ್ಞಾಪಕಶಕ್ತಿ ಶಿಬಿರ ನಡೆಯುತ್ತಿತ್ತು. ಪೈಪು, ನಲ್ಲಿ ಮಾರುವ ಅಂಗಡಿಯವರಿಗೆ ಅದೆಲ್ಲ ಯಾಕೆ ಎಂದರೆ ಕೇಳಲಿಲ್ಲ. ಬಂದವರೇ ಮನೆಯಲ್ಲಿದ್ದ ಅಂಕಿಗಳನ್ನೆಲ್ಲ ಚಿತ್ರ ಮಾಡಿಬಿಟ್ಟರು. ಒಂದು ಎಂದರೆ ಕೋಲು, ಎರಡು ಎಂದರೆ ಹಂಸ, ಎಂಟು ಎಂದರೆ ಒಂದರ ಮೇಲೊಂದು ಇಟ್ಟ ಎರಡು ಉದ್ದಿನವಡೆ. ಗ್ಯಾಸ್ ತಂದವನು ಬಾಗಿಲಲ್ಲಿ ನಿಂತು ಓಟಿಪಿ ಕೇಳಿದರೆ ಇವರು ಕಣ್ಣು ಮುಚ್ಚಿ, "ಹಂಸ ವಡೆ ತಿಂತಾ ಐತೆ, ಅದರ ಬೆನ್ನಿಗೆ ಕೋಲು..." ಎಂದು ಶುರು ಮಾಡಿದರು.

"ಅಣ್ಣಾರೆ, ನಂಬರ್ ಹೇಳ್ರಿ. ಹೆಗಲ ಮ್ಯಾಲೆ ಸಿಲಿಂಡರ್ ಐತೆ," ಎಂದ ಅವನು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

ಹೆಸರುಗಳಿಗೆ ಬೇರೆ ಉಪಾಯ. ನಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಂತೆ. ನೆನಪಿಡಬೇಕಾದವರನ್ನು ಕಟ್ಟೆಯ ಮೇಲೊಬ್ಬರು, ಮಂಚದ ಮೇಲೊಬ್ಬರು ಎಂದು ಅದರೊಳಗೆ ಕೂರಿಸುತ್ತಾ ಹೋಗಬೇಕಂತೆ. ಆಮೇಲೆ ಕಣ್ಣು ಮುಚ್ಚಿ ಬಾಗಿಲಿನಿಂದ ಒಳಗೆ ನಡೆದರೆ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲವಂತೆ. ಇವರು ಆರಿಸಿಕೊಂಡಿದ್ದು ಹರಿಹರದ ಕೊಟ್ರಮ್ಮಕ್ಕನ ಮನೆ. ಇವರ ತಾಯಿ ಬೇಗ ತೀರಿಕೊಂಡಿದ್ದರಿಂದ ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ಇವರನ್ನು ಸಾಕಿದವಳು ಆ ಅಕ್ಕ. ಆ ಮನೆಯ ಮೂಲೆ ಮೂಲೆಯೂ ಬಾಯಿಪಾಠ ಎಂದು ಎದೆ ತಟ್ಟಿಕೊಂಡರು.

ದೇವರಾಜ ಅರಸು ಬಡಾವಣೆಯಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ವಾಟ್ಸಾಪಿನಲ್ಲಿ ಕಾರ್ಡು ಯಾರಿಗೆ ಬೇಕಾದರೂ ಹೋಗಬಹುದು. ಹತ್ತಿರದವರನ್ನು ಮನೆಗೇ ಹೋಗಿ ಬಾಯಿತುಂಬ ಕರೆಯಬೇಕು. ಅದರಲ್ಲೂ ಮನೆಮಗಳನ್ನು ಕುಂಕುಮ ಇಟ್ಟು ಕರೆಯದಿದ್ದರೆ ಆ ಕಾರ್ಯಕ್ಕೆ ಅರ್ಥವೇ ಇಲ್ಲ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವವಳು ಅವಳೇ. ದಾವಣಗೆರೆಯವರನ್ನು ನಾನು ಕರೆದೆ. ನನಗೆ ಮೊಣಕಾಲು ನೋವಾದ್ದರಿಂದ ಹರಿಹರದ ಕಡೆಯವರನ್ನು ಇವರೊಬ್ಬರೇ ಹೋಗಿ ಕರೆದು ಬಂದರು.

"ಒಂದು ಚೀಟಿ ಬರಕೊಂಡು ಹೋಗ್ರಿ," ಎಂದಿದ್ದೆ.

"ಚೀಟಿ ನಿಮ್ಮಂಥೋರಿಗೆ," ಎಂದಿದ್ದರು.

ಸಂಜೆ ಬಂದು, ಒಬ್ಬರನ್ನೂ ಬಿಟ್ಟಿಲ್ಲ ಎಂದು ಬೀಗಿದರು. ಅಕ್ಕನನ್ನು ಕರೆದಿರಾ ಎಂದು ನಾನು ಕೇಳಲಿಲ್ಲ. ಉಸಿರಾಡಿದಿರಾ ಎಂದು ಯಾರಾದರೂ ಯಾರನ್ನಾದರೂ ಕೇಳುತ್ತಾರೆಯೇ?

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಕಡರನಾಯಕನಹಳ್ಳಿಯ ಚಿಕ್ಕತ್ತೆ ಫೋನು ಮಾಡಿದರು. "ಕಸ್ತೂರಿ, ಕೊಟ್ರಮ್ಮ ಬರಲ್ಲಂತೆ. ಊರಿಗೆಲ್ಲ ಹೇಳಿದೋರು ಆಕಿಗೆ ಹೇಳಿಲ್ಲಂತೆ. ಏನಾತು ನಿಮಗೆ?"

ಇವರು ಹಾಲ್‌ನಲ್ಲಿ ಕುಳಿತು ಬಾಳೆಕಂಬದವನ ಹತ್ತಿರ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಫೋನು ಕಿತ್ತು ಪಕ್ಕಕ್ಕಿಟ್ಟೆ. ಹರಿಹರದಲ್ಲಿ ಯಾರ್ಯಾರನ್ನು ಕರೆದಿರಿ ಹೇಳಿ ಎಂದೆ. ಅವರು ಖುಷಿಯಿಂದಲೇ ಕಣ್ಣು ಮುಚ್ಚಿದರು.

"ಕಟ್ಟೆ ಮ್ಯಾಲೆ ಪಕ್ಕದಮನೆ ಅಂಜನಕುಮಾರ. ಬಾಗಿಲ ಹಿಂದೆ ಹಯಾತ್ ಸಾಬ್ರು, ಕೊಡೆ ಹಿಡ್ಕೊಂಡು. ಭಾವನ ಮಂಚದ ಮ್ಯಾಲೆ ಚಿಕ್ಕತ್ತೆ. ಬಚ್ಚಲ ಹಂಡೆ ಮ್ಯಾಲೆ ಎದುರುಮನೆ ಮೇಷ್ಟ್ರು..."

"ಅಕ್ಕ ಎಲ್ಲದಾರೆ?"

"ಅಕ್ಕ ಅಡಿಗೆಮನ್ಯಾಗೆ ಅದಾಳಲ್ಲ. ಒಲೆ ಮುಂದೆ ನಿಂತು ಇವರಿಗೆಲ್ಲ ಚಾ ಕಾಸ್ತಾ..." ಎಂದವರು ಅಲ್ಲಿಗೇ ನಿಂತರು. ಕಣ್ಣು ತೆರೆದರು. ಆ ಮುಖ ನೋಡಿ ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ಮೈಯೆಲ್ಲ ಉರಿಯಿತು.

"ಆಕಿ ಮನೆ ತುಂಬ ಜನ ಕೂಡ್ಸಿ, ಆಕಿನ್ನೇ ಬಿಟ್ರಲ್ಲರಿ. ನಿಮ್ಮ ಶಿಬಿರಕ್ಕೆ ಬೆಂಕಿ ಬೀಳ," ಎಂದೆ. ಅವರು ಚಪ್ಪಲಿ ಹುಡುಕತೊಡಗಿದರು. ಸೀರೆ, ಕುಬುಸದ ಕಣ, ಕೊಬ್ಬರಿಬಟ್ಟಲು, ಕುಂಕುಮ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನಾನೂ ಹೊರಟೆ. ಮೊಣಕಾಲು ಹಾಳಾಗಿ ಹೋಗಲಿ. ಹರಿಹರ ಬರುವವರೆಗೂ ಬಸ್ಸಿನಲ್ಲಿ ಬೈಯುತ್ತಲೇ ಇದ್ದೆ, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು.

ಅಕ್ಕ ಬಾಗಿಲು ತೆರೆದಳು. "ಬರ್ರಿ ಮುರುಗೇಶಪ್ಪನೋರೆ, ಕೂಡ್ರಿ," ಎಂದಳು. ತಮ್ಮನಿಗೆ ಬಹುವಚನ. ಅಷ್ಟರಲ್ಲೇ ಇವರ ಜೀವ ಅರ್ಧ ಹೋಯಿತು.

"ಅಕ್ಕ, ತಪ್ಪಾತು."

"ಪಕ್ಕದ ಮನ್ಯಾಗೆ ಮಂಡಕ್ಕಿ ತಿಂದು ಹೋದ್ರಂತೆ. ನಿಮ್ಮ ದನಿ ಗೋಡೆ ಈ ಕಡೆ ಕೇಳಸ್ತಿತ್ತು. ಇನ್ನೇನು ಬರ್ತಾನೆ ಅಂತ ನಾನು ಸೀರೆ ಬದಲಾಯಿಸಿ ಕುಂತಿದ್ದೆ," ಎಂದಳು. ದನಿ ಎತ್ತರಿಸಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು.

ಇವರು ಹಂಸ, ಕೋಲು, ಶಿಬಿರ ಎಲ್ಲವನ್ನೂ ತೊದಲುತ್ತಾ ಹೇಳಿದರು. "ಆವತ್ತು ದಿನಪೂರ್ತಿ ನಿನ್ನ ಮನೆಯೊಳಗೇ ಓಡಾಡ್ತಿದ್ದೆ ಅಕ್ಕ. ಕಣ್ಣು ಮುಚ್ಚಿದ್ರೆ ನಿನ್ನೇ ನೋಡ್ತಿದ್ದೆ. ಬಂದು ಹೋದಂಗೇ ಅನ್ನಿಸಿಬಿಡ್ತು."

ನಾನು ತಲೆ ಚಚ್ಚಿಕೊಂಡೆ. ಅಕ್ಕ ಮಾತ್ರ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಯಾರನ್ನು ಎಲ್ಲಿ ಕೂರಿಸಿದ್ದಿ ಎಂದು ಒಂದೊಂದೇ ವಿಚಾರಿಸಿದಳು. ಮೇಷ್ಟ್ರು ಹಂಡೆಯ ಮೇಲೆ ಎಂದಾಗ ತುಟಿ ಸ್ವಲ್ಪ ಅಲುಗಿತು.

"ನನ್ನ ಎಲ್ಲಿಟ್ಟಿದ್ದಿ?"

"ಒಲೆ ಮುಂದೆ," ಎಂದರು ಇವರು, ನೆಲ ನೋಡುತ್ತಾ.

ಅಕ್ಕ ಅಡಿಗೆಮನೆಯ ಕಡೆ ತಿರುಗಿ ನೋಡಿದಳು.

"ನೀನು ಹೈಸ್ಕೂಲಿಗೆ ಹೋಗುವಾಗ ಅಲ್ಲಿ ನಿಂತಿದ್ದೆ ತಮ್ಮಾ. ನಿನ್ನ ತಲೆಯಾಗೆ ಇನ್ನೂ ಯಾರೂ ನನ್ನ ಕುಂದ್ರು ಅಂದಿಲ್ಲ ನೋಡು."

ಬಸ್ಸಿನಲ್ಲಿ ಅಷ್ಟು ಬೈದ ನಾನೇನು ಕಮ್ಮಿ? ನಾನೂ ಆ ಮನೆಗೆ ಎಷ್ಟೋ ಸಲ ಬಂದಿದ್ದೇನೆ, ಅವಳು ಕೊಟ್ಟ ಚಹಾ ಕುಡಿದಿದ್ದೇನೆ. ಚೀಲ ತೆಗೆದು, ಕುಂಕುಮ ಇಟ್ಟು, ಉಡಿ ತುಂಬಿ, "ನೀವು ಬರದಿದ್ರೆ ನಾಳೆ ಹಾಲು ಉಕ್ಕಂಗಿಲ್ಲ ಅಕ್ಕಾರೆ," ಎಂದೆ. ಅವಳು ಸೆರಗೊಡ್ಡಿ ಉಡಿ ತುಂಬಿಸಿಕೊಂಡಳು.

"ಬರ್ತೀನಿ. ಹಾಲು ಉಕ್ಕಿಸಿ ಬಂದು ಕುಂದರ್ತೀನಿ. ಆಮ್ಯಾಲೆ ಒಂದು ಲೋಟಾನೂ ಎತ್ತಂಗಿಲ್ಲ," ಎಂದಳು.

ನಾನು ಚಹಾ ಮಾಡಲು ಏಳಹೊರಟೆ. ಅಕ್ಕ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿಂಗೆ ಕಾಲು ನೋವು, ಬ್ಯಾಡ. ಮುರುಗೇಶ ಮಾಡ್ತಾನೆ. ಈ ಮನೆ ಅವನಿಗೆ ಬಾಯಿಪಾಠ ಐತೆ."

ಇವರು ತೋಳು ಮಡಚಿಕೊಂಡು ಒಳಗೆ ಹೋದರು. ಗೂಡಿನ ಬಾಗಿಲು ತೆಗೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ತೆಗೆದ ಸದ್ದು, ಏನೋ ಪಾತ್ರೆ ಬಿದ್ದ ಸದ್ದು. ಆಮೇಲೆ ಸಣ್ಣ ದನಿ ಬಂತು.

"ಅಕ್ಕಾ, ಸಕ್ರಿ ಡಬ್ಬಿ ಎಲ್ಲಿಡ್ತೀಯ?"