ಪಕ್ಕದೂರಿನ ಬಿಲ್ಲೆ

ಮಾರ್ಲಿಂಗ್ ಎಂಬ ಹಳ್ಳಿಯ ಸಭಾಮನೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಡೆಸ್ಮಂಡ್ ಥರ್ಟಲ್ ಮಾತ್ರ ಬಾಗಿಲಲ್ಲೇ ನಿಂತು ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಇದ್ದ. ಜನ ಮುಗಿಬಿದ್ದು ನೋಡುತ್ತಿದ್ದುದು ಅವನಿಗೆ ಹೊಲದಲ್ಲಿ ಸಿಕ್ಕಿದ್ದ ಉಗುರಗಲದ ತಾಮ್ರದ ಬಿಲ್ಲೆಯನ್ನು.

ಮುನ್ನೂರೈವತ್ತು ವರ್ಷಗಳ ಹಿಂದೆ ಚಿಲ್ಲರೆಗೆ ಬರ ಬಂದಾಗ ಅಂಗಡಿಕಾರರು ತಾವೇ ಅಚ್ಚು ಹಾಕಿಸಿಕೊಂಡಿದ್ದ ಬಿಲ್ಲೆಗಳಲ್ಲಿ ಅದೂ ಒಂದು. ಒಂದು ಮೈಯಲ್ಲಿ ಮೇಣದಬತ್ತಿಯ ಗೊಂಚಲು, ಸುತ್ತ ಜೋಸೆಫ್ ಪೆಕ್ ಎಂಬ ಹೆಸರು. ಊರಿನ ಹೆಸರಿರಬೇಕಾದ ಇನ್ನೊಂದು ಮೈ ಪೂರ್ತಿ ಸವೆದಿತ್ತು. “ಇವು ಅಂಗಡಿ ಬಿಟ್ಟು ಬಹಳ ದೂರ ಹೋಗಲ್ಲ ಕಣ್ರೀ. ಎಲ್ಲಿ ಸಿಕ್ತು ಹೇಳಿ, ಊರು ನಾನು ಹೇಳ್ತೀನಿ,” ಎಂದಿದ್ದಳು ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಜಿಲ್ಲೆಯ ಅಧಿಕಾರಿ.

ಸಿಕ್ಕಿದ್ದು ಹೊಳೆಯಾಚೆಯ ಟೆಸ್‌ಬಿಯಲ್ಲಿ. ಆದರೆ ಡೆಸ್ಮಂಡ್, “ಮಾರ್ಲಿಂಗಿನಲ್ಲಿ,” ಎಂದುಬಿಟ್ಟ. ಅವನಂತೆ ಲೋಹಶೋಧಕ ಹಿಡಿದು ಹೊಲ ಅಲೆಯುವವರು ಒಳ್ಳೆಯ ಹೊಲದ ಗುಟ್ಟನ್ನು ಕಟ್ಟಿಕೊಂಡವಳಿಗೂ ಹೇಳುವುದಿಲ್ಲ. ಹೇಳಿದರೆ ಮರುದಿನ ಅಲ್ಲಿ ಹತ್ತು ಜನ. ಪಕ್ಕದೂರಿನ ಹೆಸರು ಅವನ ನಾಲಗೆಗೆ ತಾನಾಗಿ ಬಂದಿತ್ತು.

ಊರಿನ ಚರಿತ್ರೆ ಕೂಡಿಸುತ್ತಿದ್ದ ಎಂಬತ್ತರ ಈನಿಡ್ ಕ್ಯಾಚ್‌ಪೋಲ್ ಬಿಲ್ಲೆಯ ಹಿಂದಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ದಳು: ‘ನಮ್ಮೂರಲ್ಲೂ ಅಂಗಡಿಯಿತ್ತು.’ ಕುರಿ ಬಿಟ್ಟರೆ ಮಾರ್ಲಿಂಗಿನಲ್ಲಿ ಇನ್ನೇನಿತ್ತು ಎಂದು ಟೆಸ್‌ಬಿಯವರು ಆಡಿಕೊಳ್ಳುವುದನ್ನು ಹುಟ್ಟಿದಾಗಿನಿಂದ ಕೇಳಿದವಳು ಅವಳು. ಇವತ್ತು ಅವರನ್ನು ಬೇಕೆಂದೇ ಕರೆಸಿದ್ದಳು.

“ಬಾರಪ್ಪ, ನಮ್ಮೂರ ಮಾನ ಉಳಿಸಿದವನೇ!” ಎಂದು ಕೇಕಿನ ಮೊದಲ ತುಂಡನ್ನು ಅವನ ಕೈಗಿತ್ತಳು. “ಜೋಸೆಫನ ಅಂಗಡಿ ಚರ್ಚಿನ ಪಕ್ಕದಲ್ಲೇ ಇದ್ದಿರಬೇಕು, ಅಲ್ವಾ?”

ಡೆಸ್ಮಂಡ್ ಕೇಕನ್ನು ತಟ್ಟೆಗೆ ಮರಳಿಟ್ಟ. “ಈನಿಡ್, ಅದು ಇಲ್ಲಿ ಸಿಕ್ಕಿದ್ದಲ್ಲ. ಟೆಸ್‌ಬಿಯಲ್ಲಿ. ಹೊಲ ಮುಚ್ಚಿಡೋಕೆ ಸುಳ್ಳು ಹೇಳಿದೆ.”

ಅವಳು ಚಾಕು ಕೆಳಗಿಟ್ಟಳು.

“ನನ್ನ ಕಿವೀಲಿ ಹೇಳಿದ್ರೆ ಸಾಕೇನಯ್ಯ? ನಾನು ಇಡೀ ಊರಿಗೆ ಕೂಗಿ ಹೇಳಿದೀನಿ. ನೀನೂ ಕೂಗಿ ಹೇಳು.”

ಡೆಸ್ಮಂಡ್ ಕುರ್ಚಿ ಹಿಡಿದು ನಿಂತ. ಸುಳ್ಳನ್ನೂ, ಹೊಲದ ಹೆಸರನ್ನೂ, ಮೂಲೆಯ ಓಕ್ ಮರವನ್ನೂ ಹೇಳಿದ. ಯಾರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಟೆಸ್‌ಬಿಯವರು ಹೋ ಎಂದು ಚಪ್ಪಾಳೆ ತಟ್ಟಿದರು.

“ನಾವು ಹೇಳ್ಲಿಲ್ವಾ? ಕುರಿಗಳು ಯಾವಾಗ ಮೇಣದಬತ್ತಿ ಕೊಂಡಿದ್ವು!” ಎಂದು ಒಬ್ಬ ಅರಚಿದ. ಇನ್ನೊಬ್ಬ ಬಂದು ಡೆಸ್ಮಂಡನ ಬೆನ್ನು ತಟ್ಟಿ, “ನೀನು ನಮ್ಮವನು ಕಣೋ,” ಎಂದ.

ಡೆಸ್ಮಂಡ್ ತಲೆಯೆತ್ತಲಾರದೆ ಎತ್ತಿ ನೋಡಿದ. ತಾನೇ ಕರೆಸಿದ ಅತಿಥಿಗಳ ಮರ್ಯಾದೆಗೆ ಈನಿಡ್ ಕೂಡ ಚಪ್ಪಾಳೆ ತಟ್ಟುತ್ತಿದ್ದಳು. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಅವಳ ಒಣ ಕೈಗಳ ಸದ್ದು ಒಂದೆರಡು ಸಲ ಕೇಳಿಸಿತು.