ಹದ್ದಿನ ಹತ್ತು ಸುತ್ತು

ಗಾಜಿನೊಳಗೆ ಕಸ ಹುಡುಕಿ ಹೊಟ್ಟೆ ಹೊರೆಯುವ ಏಳು ಹೆಂಗಸರು ಒಂದು ಕತ್ತಲಕೋಣೆಯಲ್ಲಿ ಇದ್ದರಂತೆ. ತೀರ ಹಿಂದಿನ ಮಾತೇನಲ್ಲ. ಇದ್ದರಂತೆ ಎಂದರೆ ಕೇಳುವವರಿಗೆ ಭಯ ಸ್ವಲ್ಪ ಕಡಿಮೆ, ಅದಕ್ಕೆ.

ಏಳು ಮಂದಿಗೆ ಏಳು ಗೂಡು, ಗೂಡಿಗೊಂದು ದೀಪ, ದೀಪದ ಹಿಂದೆ ಅರ್ಧ ಬಿಳಿ ಅರ್ಧ ಕಪ್ಪು ಬಳಿದ ಹಲಗೆ. ಪಕ್ಕದ ಹಾಲ್‌ನಲ್ಲಿ ಇಂಜೆಕ್ಷನ್ ತುಂಬಿಸಿಕೊಂಡ ಸೀಸೆಗಳು ತಟ್ಟೆ ತಟ್ಟೆಯಾಗಿ ಇಲ್ಲಿಗೆ ಬರುತ್ತಿದ್ದವು. ಒಂದೊಂದನ್ನೂ ಕುತ್ತಿಗೆ ಹಿಡಿದು ಎತ್ತಬೇಕು, ಗುಳ್ಳೆ ಏಳದ ಹಾಗೆ ಮೆಲ್ಲಗೆ ತಿರುಗಿಸಬೇಕು, ಬಿಳಿಯ ಮುಂದೆ ಐದು ಎಣಿಸಬೇಕು, ಕಪ್ಪಿನ ಮುಂದೆ ಐದು ಎಣಿಸಬೇಕು. ಬಿಳಿ ಹಲಗೆ ಕರಿ ಚುಕ್ಕೆಯನ್ನು ಹಿಡಿದುಕೊಡುತ್ತದೆ, ಕಪ್ಪು ಹಲಗೆ ಬಿಳಿ ಎಳೆಯನ್ನು. ಕಂಡರೆ ಕೆಂಪು ತಟ್ಟೆಗೆ, ಕಾಣದಿದ್ದರೆ ಹಸಿರು ತಟ್ಟೆಗೆ. ಹಸಿರಿಗೆ ಹೋದದ್ದು ಯಾರದೋ ರಕ್ತಕ್ಕೆ ಹೋಗುತ್ತದೆ.

ಏಳರಲ್ಲಿ ಹಿರಿಯಳನ್ನು ಎಲ್ಲರೂ ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಹದ್ದು. ರಬ್ಬರ್ ಬಿರಡೆಯಿಂದ ಉದುರಿದ, ಬೇರೆ ಯಾರ ಕಣ್ಣಿಗೂ ಕಾಣದ ಚೂರು ಅವಳಿಗೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅಲ್ಲಿ ಕೂತವರಿಗೆಲ್ಲ ಕೆಲಸ ಕಲಿಸಿದವಳೂ ಅವಳೇ, ಕಣ್ಣೀರು ಹಾಕಿಸಿದವಳೂ ಅವಳೇ. ಯಾರಾದರೂ ಕಸವಿದ್ದ ಒಂದು ಸೀಸೆಯನ್ನು ಕಾಣದೆ ಬಿಟ್ಟರೆ ಅದನ್ನೇ ದಾರಕ್ಕೆ ಕಟ್ಟಿ ಅವರ ಕೊರಳಿಗೆ ನೇತುಹಾಕಿ, "ಹೋಗು, ಕಳ್ಳದನದ ಕೊರಳಿಗೆ ಕೊರಡು ಕಟ್ಟಿದ ಹಾಗಿದೆ," ಎಂದು ಸಂಜೆಯವರೆಗೆ ಓಡಾಡಿಸುತ್ತಿದ್ದಳು. ಈಗ ಗಾಜಿನ ಕ್ಯಾಬಿನ್‌ನಲ್ಲಿ ಮೇಲ್ವಿಚಾರಕಿಯಾಗಿ ಕೂರುವವಳು ಹೊಸದರಲ್ಲಿ ಒಂದು ವಾರ ಆ ದಾರ ತೊಟ್ಟಿದ್ದಳು. ಹದ್ದಿನ ಸ್ವಂತ ತಂಗಿ, ಪಕ್ಕದ ಗೂಡಿನವಳು, ಎಷ್ಟು ಸಲ ತೊಟ್ಟಳೋ ಎಣಿಸಿದವರಿಲ್ಲ. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ್ದು ಅಕ್ಕ. ಸಾಕಿದವರಿಗೆ ಹೊಡೆಯುವ ಹಕ್ಕೂ ಇರುತ್ತದೆ ಎಂದು ಇಬ್ಬರೂ ನಂಬಿದ್ದರು.

ಒಂದು ದಿನ ಆ ಕೋಣೆಗೆ ಯಂತ್ರ ಬಂತು. ಆರು ಕ್ಯಾಮೆರಾಗಳ, ನಿಮಿಷಕ್ಕೆ ಮುನ್ನೂರು ಸೀಸೆ ನೋಡುವ ಹೊಸ ಶೋಧನೆಯಂತೆ. ಪ್ಲಾಸ್ಟಿಕ್ ಹೊದ್ದು ಬಾಗಿಲಲ್ಲಿ ನಿಂತದ್ದನ್ನು ಕಂಡು ಒಬ್ಬಳು ಹೇಳಿದಳು, "ಬಂದಳು ನೋಡ್ರೇ ಸೊಸೆ. ಮುಸುಕು ಕೂಡ ತೆಗೆದಿಲ್ಲ ಇನ್ನೂ."

"ಮುಸುಕು ಹಾಗಿರಲಿ. ಅಡುಗೆಮನೆ ಬೀಗದಕೈ ಕೇಳೋಕೇ ಬಂದಿರೋದು ಅವಳು."

ಯಂತ್ರಕ್ಕೆ ಸೊಸೆ ಎಂಬ ಹೆಸರು ನಿಂತಿತು. ಜೊತೆಗೆ ಬಂದ ಎಂಜಿನಿಯರ್‌ಗೆ ಮಾತ್ರ ಕಪ್-ಸಾಸರಿನಲ್ಲಿ ಚಹಾ ಕೊಡುತ್ತಿದ್ದುದರಿಂದ ಅವರು ಬೀಗರಾದರು.

ಬೀಗರು ಒಳ್ಳೆಯವರೇ. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. "ಕೈಯಲ್ಲಿ ನೋಡೋರಿಗಿಂತ ಯಂತ್ರ ಕಮ್ಮಿ ಇರಬಾರದು. ಅಷ್ಟೇ ನಿಯಮ. ಇನ್ನೂರು ಸೀಸೆ ಇಡ್ತೀವಿ. ನಲವತ್ತರಲ್ಲಿ ಬೇಕಂತಲೇ ಕೂದಲು, ಎಳೆ, ಗಾಜಿನ ಚೂರು ಹಾಕಿರ್ತೀವಿ. ನಿಮ್ಮಲ್ಲಿ ಒಬ್ಬರು ದಿನಕ್ಕೊಂದು ಸುತ್ತಿನ ಹಾಗೆ ಹತ್ತು ದಿನ, ಅದೇ ಇನ್ನೂರನ್ನು ಕಲಸಿ ಕಲಸಿ ನೋಡಬೇಕು. ನೋಡೋರೊಬ್ಬರು, ಬರೆಯೋರೊಬ್ಬರು."

"ನಿಮ್ಮ ಹುಡುಗಿಗೆ ಎಷ್ಟು ಸಿಕ್ತು ಸಾರ್, ನಲವತ್ತರಲ್ಲಿ?"

"ಸರಾಸರಿ ಇಪ್ಪತ್ತಾರು." ಬೀಗರ ಮುಖ ಸಣ್ಣದಾಯಿತು. "ಗುಳ್ಳೆ ಕಂಡರೆ ಗಾಬರಿಯಾಗುತ್ತೆ. ನಿಜವಾದ ಎಳೆ ಕಂಡರೆ ಸುಮ್ನಿರುತ್ತೆ."

"ನಮ್ಮನೆಯವರ ಹಾಗೇ ಅನ್ನಿ."

ಕೋಣೆಯೆಲ್ಲ ನಕ್ಕಿತು. ನಗದೆ ಏನು? ನೋಡುವವಳು ಹತ್ತು ಸುತ್ತಿನ ಸರಾಸರಿಯಲ್ಲಿ ಇಪ್ಪತ್ತಾರಕ್ಕಿಂತ ಹೆಚ್ಚು ಹಿಡಿದರೆ ಸೊಸೆ ತವರಿಗೆ ವಾಪಸು. ಕಡಿಮೆ ಹಿಡಿದರೆ ಏಳೂ ಗೂಡು ಖಾಲಿ. ಅಲ್ಲಿ ಕಣ್ಣು ಸರಿಯಿದ್ದ ಯಾರೇ ಆದರೂ ಮೂವತ್ತೈದು ಹಿಡಿಯುತ್ತಿದ್ದರು. ಮೇಲ್ವಿಚಾರಕಿ ಬಂದು, "ನಮ್ಮಲ್ಲಿ ಹಿರಿಯರು ಅಕ್ಕನೇ. ಅವರೇ ನೋಡಲಿ," ಎಂದಾಗ ಹೆಂಗಸರು ಮೈಮರೆತು ಚಪ್ಪಾಳೆ ತಟ್ಟಿದರು. ಹೆರಿಗೆ ರಜೆ ಮುಗಿಸಿ ಆ ವಾರವಷ್ಟೇ ಬಂದಿದ್ದ ಬಾಣಂತಿಯಂತೂ ಅವಳ ಕೈ ಹಿಡಿದುಕೊಂಡಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಹತ್ತು ಸುತ್ತೂ ನಾನೇ ಮುಗಿಸ್ತೀನಿ," ಎಂದು ಹದ್ದು ಮಾತು ಕೊಟ್ಟಳು. "ಮಧ್ಯದಲ್ಲಿ ಏಳಲ್ಲ. ಬರೆಯೋಕೆ ನನ್ನ ತಂಗಿ ಇರಲಿ."

ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಕೋಣೆಯಾಚೆ ಗಿಳಿಯ ಕೊರಳಿನಲ್ಲಿರುತ್ತದೆ. ಈ ಏಳು ಹೆಂಗಸರ ಅನ್ನ ಎರಡು ಕಣ್ಣುಗುಡ್ಡೆಗಳಲ್ಲಿತ್ತು, ಆ ಗುಡ್ಡೆಗಳ ಮೇಲೆ ಪೊರೆ ಬಂದು ಒಂದು ವರ್ಷವಾಗಿತ್ತು.

ಅದು ತಂಗಿಗೊಬ್ಬಳಿಗೇ ಗೊತ್ತು. ಕಣ್ಣಿನ ಆಪರೇಷನ್ ಆದವರನ್ನು ಆ ಕೋಣೆಗೆ ಮತ್ತೆ ಸೇರಿಸುತ್ತಿರಲಿಲ್ಲ, ಹಾಗಾಗಿ ಪೊರೆ ತೆಗೆಸುವ ಮಾತೇ ಇಲ್ಲ. ವರ್ಷಕ್ಕೊಮ್ಮೆ ಗೋಡೆಯ ಮೇಲಿನ ಅಕ್ಷರ ಓದಿಸುವ ಪರೀಕ್ಷೆಯನ್ನು ಹದ್ದು ಬಾಯಿಪಾಠದಿಂದ ದಾಟಿದ್ದಳು. ದಿನದ ಕೆಲಸವನ್ನು ದಾಟಿಸುತ್ತಿದ್ದವಳು ತಂಗಿ. ತನ್ನ ತಟ್ಟೆ ಮುಗಿಸಿ, ಅಕ್ಕನ ಹಸಿರು ತಟ್ಟೆಯನ್ನು ಕದ್ದು ಎಳೆದುಕೊಂಡು, ಕೈಗೆ ಸಿಕ್ಕಷ್ಟನ್ನು ಮತ್ತೆ ನೋಡುತ್ತಿದ್ದಳು. ಸಿಗದಷ್ಟು ಹೋಗುತ್ತಿತ್ತು.

"ಕಸ ಕಂಡರೆ ಸಣ್ಣಗೆ ಕೆಮ್ಮು," ಎಂದು ಅಕ್ಕ ಹೇಳಿಕೊಟ್ಟಳು. "ಉಳಿದದ್ದು ನನಗೆ ಬಿಡು."

ಮೊದಲ ದಿನ ತಂಗಿ ಮೂವತ್ತೇಳು ಸಲ ಕೆಮ್ಮಿದಳು. ಹದ್ದು ಮೂವತ್ತೇಳು ಸಲ "ಬೇಡ" ಎಂದಳು, ಮಿಕ್ಕಿದ್ದಕ್ಕೆಲ್ಲ "ಸರಿ". ತಂಗಿ ಬರೆದಳು. ಎರಡನೆಯ ದಿನ ಮೂವತ್ತೆಂಟು, ಮೂರನೆಯ ದಿನ ಮತ್ತೆ ಮೂವತ್ತೇಳು. ದಿನದ ಹಾಳೆ ಸಂಜೆ ಮೇಲ್ವಿಚಾರಕಿಯ ಮೇಜಿಗೆ ಹೋಗುತ್ತಿತ್ತು. ಮೂರನೆಯ ಹಾಳೆ ಹೋದ ಸಂಜೆ ಅವಳು ತಂಗಿಯನ್ನು ಕ್ಯಾಬಿನ್‌ಗೆ ಕರೆದಳು. ಗಂಟಲಿಗೆ ಒಳ್ಳೆಯದೆಂದು ಬಿಸಿನೀರು ಕೊಟ್ಟಳಂತೆ.

ನಾಲ್ಕನೆಯ ದಿನ ಕೆಮ್ಮು ಬಂದದ್ದು ಹತ್ತೊಂಬತ್ತು ಸಲ. ಐದನೆಯ ದಿನ ಆರು.

ಕಣ್ಣು ಮಂಜಾದರೂ ಹದ್ದಿನ ಎಣಿಕೆ ಮಂಜಾಗಿರಲಿಲ್ಲ. ಸೀಸೆಗಳು ಅವೇ, ಕಸವೂ ಅದೇ. ನಿನ್ನೆ ಇದ್ದ ಕೂದಲು ಇವತ್ತು ಎಲ್ಲಿಗೆ ಹೋದೀತು? ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಕೇಳಿದಳು.

"ಇವತ್ತು ಆರೇ ಸಲ ಕೆಮ್ಮಿದೆ."

ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು. "ಕೆಮ್ಮು ವಾಸಿಯಾಯ್ತು, ಅಕ್ಕ."

"ಏನು ಕೊಡ್ತಾಳಂತೆ ಆ ಕ್ಯಾಬಿನ್ನಿನವಳು?"

"ಸೊಸೆ ಪಕ್ಕ ಒಂದು ಕುರ್ಚಿ. ಒಂದೇ ಒಂದು. ಗುಂಡಿ ಒತ್ತೋಕೆ."

"ನಿನ್ನನ್ನು ಸಾಕಿದ್ದು ಇದಕ್ಕಾ?"

"ಹೋದ ತಿಂಗಳು ನನ್ನ ಕೊರಳಿಗೆ ದಾರ ಕಟ್ಟಿದೆಯಲ್ಲ, ನೆನಪಿದೆಯಾ? ಈ ವಯಸ್ಸಲ್ಲಿ, ಎಲ್ಲರ ಮುಂದೆ?" ತಂಗಿ ಒಂದು ಲಂಗವನ್ನು ನಾಲ್ಕಾಗಿ ಮಡಚಿ ಅಂಗೈಯಿಂದ ಒತ್ತಿದಳು. "ಆ ಸೀಸೆ ನಿನ್ನ ತಟ್ಟೇದು. ಗೊತ್ತಿದ್ದೂ ತೊಟ್ಟುಕೊಂಡೆ. ನೀನು ಕಟ್ಟುವಾಗ ಗಂಟು ಹಾಕೋಕೆ ದಾರದ ತುದಿ ಕಾಣದೆ ತಡಕಾಡಿದೆ, ನಾನೇ ಹಿಡಿದುಕೊಟ್ಟೆ."

ಹದ್ದು ಚಪ್ಪಲಿ ಬಿಟ್ಟು ಒಳಗೆ ಬಂದಳು. "ಉಳಿದ ಐದು ಜನ ಏನು ಪಾಪ ಮಾಡಿದ್ರು?"

"ನಕ್ಕರು."

"ಬಾಣಂತಿ ನಗಲಿಲ್ಲ."

"ಅವಳು ಆಗ ರಜೇಲಿದ್ದಳು."

ಮರುದಿನ ಬೆಳಿಗ್ಗೆ ಹದ್ದು ಕ್ಯಾಬಿನ್ನಿನ ಬಾಗಿಲು ತಟ್ಟದೆ ಒಳಗೆ ಹೋದಳು. ತಾನು ಕಲಿಸಿದ ಹುಡುಗಿಯ ಬಾಗಿಲು ತಟ್ಟುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ನನಗೆ ಹುಷಾರಿಲ್ಲ. ಬೇರೆ ಯಾರಾದ್ರೂ ಮೊದಲಿಂದ ನೋಡಲಿ."

"ಆಗಲಿ ಅಕ್ಕ. ಕಾರಣ ಬರೀಬೇಕಾಗುತ್ತೆ." ಮೇಲ್ವಿಚಾರಕಿ ಪೆನ್ನು ತೆಗೆದಳು. "ಕಣ್ಣು ಅಂತ ಬರೀಲಾ?"

ಮೇಲ್ವಿಚಾರಕಿ ಕಣ್ಣಿನ ಪರೀಕ್ಷೆಯ ಹಾಳೆಯೊಂದನ್ನು ಎಳೆದು ಮೇಜಿನ ಮೇಲಿಟ್ಟಳು, ಓದಲಾಗದವರ ಮುಂದೆ ಓದಲು ಇಡುವ ಹಾಗೆ.

"ಹೋದ ವರ್ಷ ಗೋಡೆಯ ಅಕ್ಷರದ ಪಟ ಬದಲಾಯಿಸಿದ್ರು ಅಕ್ಕ. ನಿಮಗೆ ಯಾರೂ ಹೇಳಿರಲಿಲ್ಲ. ನೀವು ಹಳೇ ಪಟಾನ ಒಂದಕ್ಷರ ತಪ್ಪದೆ ಓದಿದ್ರಿ. ನಾನು ಹಿಂದೆ ನಿಂತಿದ್ದೆ. ನರ್ಸಮ್ಮನಿಗೆ ನಾನೇ ಹೇಳಿದೆ, ಸರಿಯಾಗಿದೆ ಅಂತ ಬರ್ಕೊಳ್ಳಿ ಅಂತ."

"ಯಾಕೆ?"

"ಅತ್ತೆಗೊಂದು ಕಾಲ ಅಂತಾರಲ್ಲ. ನಿಮ್ಮ ಕಾಲ ಮುಗಿಯೋಕೆ ಕಾದೆ."

"ಹಾಗಾದ್ರೆ ನೀನೂ ಸಿಕ್ಕಿಬೀಳ್ತೀಯ."

"ನಾನು ಹಿಂದೆ ನಿಂತಿದ್ದೆ ಅಂತ ಎಲ್ಲಿ ಬರೆದಿದೆ? ನೀವು ನೋಡಿದ್ದು ಮಾತ್ರ ಬರೆದಿದೆ. ದಿನಕ್ಕೆ ಎರಡು ಸಾವಿರ ಸೀಸೆ. ವರ್ಷಕ್ಕೆ ಐದು ಲಕ್ಷ." ದನಿ ಏರಲಿಲ್ಲ. "ಕಣ್ಣು ಅಂತ ಬರೆದ್ರೆ ಅಷ್ಟನ್ನೂ ಊರೂರಿಂದ ವಾಪಸು ತರಿಸಬೇಕು. ಚುಚ್ಚಿ ಆಗಿರೋದನ್ನ ಯಾರ ಮೈಯಿಂದ ತರಿಸೋದು ಅಂತ ನಿಮ್ಮನ್ನೇ ಕೇಳ್ತಾರೆ. ಬೇಡ ಅಂದ್ರೆ ಸುಮ್ನೆ ಕೂತು ಮುಗಿಸಿ. ವಯಸ್ಸಾಯ್ತು ಪಾಪ, ಅಷ್ಟೇ ಹಿಡಿದ್ರು ಅಂತಾರೆ. ಚಪ್ಪಾಳೆ ತಟ್ಟಿ ಕಳಿಸಿಕೊಡ್ತೀವಿ."

"ಆ ಯಂತ್ರ ಹದಿನಾಲ್ಕು ಬಿಟ್ಟುಬಿಡುತ್ತೆ ಕಣೇ. ನಲವತ್ತಕ್ಕೆ ಹದಿನಾಲ್ಕು."

"ನೀವೆಷ್ಟು ಬಿಟ್ಟಿರಿ, ಅಕ್ಕ?"

ಹದ್ದು ಹೊರಗೆ ಬಂದು ಕೈ ತೊಳೆದುಕೊಂಡು, ತಲೆಗೆ ಟೋಪಿ ಹಾಕಿಕೊಂಡು, ಆರನೆಯ ಸುತ್ತಿಗೆ ಕೂತಳು. ತಂಗಿ ಒಮ್ಮೆಯೂ ಕೆಮ್ಮಲಿಲ್ಲ. ಮಂಜಿನಾಚೆಗೂ ತಾನಾಗಿ ಕಂಡ ದಪ್ಪ ಕರಿ ಚುಕ್ಕೆಗಳು ನಾಲ್ಕು, ಅವಕ್ಕೆ ಬೇಡ ಎಂದಳು. ಉಳಿದ ನೂರ ತೊಂಬತ್ತಾರಕ್ಕೆ ಸರಿ.

ಹೆಂಗಸರಿಗೆ ಇದೊಂದೂ ತಿಳಿಯದು. ಪರೀಕ್ಷೆಗೆಂದು ಕಟ್ಟಿದ್ದ ಪರದೆಯಾಚೆ ಅವರಿಗೆ ಕೇಳಿಸುತ್ತಿದ್ದುದು ಎಣಿಕೆಯ ಗುಣುಗುಣು ಮಾತ್ರ. ಅವಳ ಕುರ್ಚಿಗೆ ದಿಂಬು ತಂದಿಟ್ಟರು. ದಾರಿಯಲ್ಲಿ ಧೂಳು ಬೀಳದಿರಲೆಂದು ಅವಳ ಎರಡೂ ಕಡೆ ನಡೆದರು. ಏಳನೆಯ ಸುತ್ತು ಮುಗಿದಾಗ ಒಬ್ಬಳು ಮಂಡಿಯೂರಿ ಅವಳ ಕಾಲು ಒತ್ತಿದಳು. ಕಳೆದ ವರ್ಷ ದಾರ ತೊಟ್ಟು ಅತ್ತವಳೇ ಅವಳು. ಎಂಟನೆಯ ದಿನ ಬಾಣಂತಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ತಂದು, ಅವಳ ರೆಪ್ಪೆಗಳ ಮೇಲಿಟ್ಟಳು.

"ನನ್ನ ಮಗು ಉಣ್ಣೋದು ನಿಮ್ಮ ಈ ಎರಡು ಕಣ್ಣಿಂದ ಅಕ್ಕ."

ಹತ್ತಿಯ ಕೆಳಗೆ ಹದ್ದಿನ ಕಣ್ಣು ಅಲುಗಿತು. ಬಾಯಿ ತೆರೆಯಿತು. ಹೇಳಬಹುದಿತ್ತು. ಆಗ ಹೇಳಿದ್ದರೂ ಬೇರೆ ಯಾರಾದರೂ ಮೊದಲಿನಿಂದ ಕೂತು ಮೂವತ್ತೈದು ಹಿಡಿಯುತ್ತಿದ್ದರು. ಸೊಸೆ ತವರಿಗೆ ಹೋಗುತ್ತಿದ್ದಳು, ಹದ್ದು ಜೈಲಿಗೆ.

"ಕೈಲಾಗದೋಳೇ, ಬೇರೆ ಕಡೆ ಕೆಲಸ ಹುಡುಕಿಕೋ ಹೋಗು," ಎಂದಳು. "ಇವತ್ತೇ ಹುಡುಕು. ನಿನ್ನ ಕಣ್ಣಿಗೆ ಈ ಕೆಲಸ ಹೇಳಿಸಿದ್ದಲ್ಲ."

ಸುತ್ತಲಿದ್ದವರು ನಕ್ಕರು. ಅಕ್ಕ ಬಯ್ದಳೆಂದರೆ ಎಲ್ಲ ಸರಿಯಾಗಿದೆ ಎಂದು ಲೆಕ್ಕ. ಬಾಣಂತಿಯೂ ನಕ್ಕು, ಹತ್ತಿಯನ್ನು ಇನ್ನೊಮ್ಮೆ ಅದ್ದಿ ಹಿಂಡಿದಳು.

ಒಂಬತ್ತನೆಯ ಸುತ್ತೂ ಹಾಗೇ ಆಯಿತು.

ಹತ್ತನೆಯ ದಿನ ಐವರೂ ತಮ್ಮ ಗೂಡುಗಳ ದೀಪ ಆರಿಸಿ ಪರದೆಯ ಹೊರಗೆ ಸಾಲಾಗಿ ನಿಂತರು. ಬೀಗರು ಬೆವರಿದ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಯಂತ್ರದ ಪಕ್ಕ ನಿಂತಿದ್ದರು. ಒಳಗೆ ಅಕ್ಕ ತಂಗಿ ಇಬ್ಬರೇ.

"ಸರಿ."

ಬರೆಯುವ ಸದ್ದು.

"ಸರಿ."

ನೂರ ನಲವತ್ತರ ಆಸುಪಾಸಿನಲ್ಲಿ ಒಂದು ಸೀಸೆ ದೀಪದ ಮುಂದೆ ಬಂತು. ಅದರೊಳಗೆ ಬೆರಳುದ್ದದ ಕೂದಲು ಹಾವಿನ ಮರಿಯ ಹಾಗೆ ನಿಧಾನವಾಗಿ ಸುತ್ತಿಕೊಳ್ಳುತ್ತಿತ್ತು. ಮೊದಲ ಮೂರು ದಿನ ತಂಗಿ ಅದಕ್ಕೆ ಕೆಮ್ಮಿದ್ದಳು, ಆಮೇಲೆ ಮುಖ ತಿರುಗಿಸಿದ್ದಳು. ಈ ಸಲ ಕಣ್ಣು ಕೀಳಲಾಗಲಿಲ್ಲ. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು, ಬಿಳಿಯ ಮುಂದೆ ಐದು, ಕಪ್ಪಿನ ಮುಂದೆ ಐದು, ಒಂದೂ ಬಿಡದೆ ಎಣಿಸುತ್ತಿದ್ದಳು. ಪೆನ್ನು ನಿಂತಿತು.

"ಅಕ್ಕ," ತಂಗಿ ಪಿಸುಗುಟ್ಟಿದಳು. "ಕೂದಲಿದೆ ಅದರಲ್ಲಿ. ಇಷ್ಟುದ್ದ."

ಹದ್ದು ತಲೆ ತಿರುಗಿಸಲಿಲ್ಲ. "ಬರೆಯೋಳು ನೋಡಬಾರದು. ಹತ್ತು ವರ್ಷದ ಹಿಂದೆಯೇ ಹೇಳಿಕೊಟ್ಟಿಲ್ವಾ?"

"ಅಕ್ಕ, ನಿಜವಾಗ್ಲೂ ಇದೆ."

"ಸರಿ ಅಂತ ಬರಿ."

ತಂಗಿ ಬರೆಯಲಿಲ್ಲ. ಹದ್ದು ಎಡಗೈ ಚಾಚಿ, ತಡಕಿ, ಅವಳ ಮಣಿಕಟ್ಟು ಹಿಡಿದು ಹಾಳೆಯ ಮೇಲೆ ಒತ್ತಿದಳು. ಹಿಂದೆ ಅಕ್ಷರ ತಿದ್ದಿಸುವಾಗ ಹಿಡಿಯುತ್ತಿದ್ದ ಬಿಗಿಯೇ.

"ಕುರ್ಚಿ ಬೇಕಲ್ಲ ನಿನಗೆ? ಬರಿ."

ತಂಗಿ ಬರೆದಳು. ಸೀಸೆ ಹಸಿರು ತಟ್ಟೆಗೆ ಹೋಯಿತು. ನೂರ ಐವತ್ತು, ನೂರ ಎಂಬತ್ತು. ಪರದೆಯಾಚೆ ಯಾರೋ ಮೂಗು ಸೇದಿದರು. ಬಾಣಂತಿ ಇರಬೇಕು. ಇನ್ನೂರನೆಯದನ್ನು ಎತ್ತುವಾಗಲೂ ಹದ್ದು ಕುತ್ತಿಗೆಯನ್ನೇ ಹಿಡಿದಳು, ಗುಳ್ಳೆ ಏಳದ ಹಾಗೆ ತಿರುಗಿಸಿದಳು, ಐದು ಎಣಿಸಿದಳು, ಮತ್ತೆ ಐದು ಎಣಿಸಿದಳು.

"ಸರಿ," ಎಂದು ಅದನ್ನು ತಟ್ಟೆಯಲ್ಲಿಟ್ಟಳು. ತಂಗಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು. ಹತ್ತನೆಯ ಸುತ್ತು ಮುಗಿಯಿತು.