ಅತಿಥಿಗಳಿಗೆಂದು ಇಟ್ಟದ್ದು

"ಆ ಕಡೆ ಕಾಲು ಚಾಚಬೇಡ. ಅದು ಕಿಬ್ಲಾ, ನಮಾಜಿನ ದಿಕ್ಕು," ಎಂದಳು ಅತ್ತೆ.

ನೆಲದ ಮೇಲೆ ಕೌದಿ ಹಾಸಿ ಮಲಗಿದ್ದ ಸನೋಬರ್ ಸೊಂಟ ಎಳೆದುಕೊಂಡು ತಿರುಗಿದಳು. ಎರಡೂ ಕಾಲನ್ನು ಎದುರು ಗೋಡೆಗೆ ಎತ್ತಿ ಒರಗಿಸಿದಳು.

"ಅಲ್ಲಿ ನಿನ್ನ ಮಾವನ ಫೋಟೋ ಇದೆ."

ಸನೋಬರ್ ಮತ್ತೆ ತಿರುಗಿದಳು.

"ಬಾಗಿಲ ಕಡೆಗೆ ಕಾಲಾಗಿ ಹೋಗೋದು ಹೆಣ."

ಉಳಿದದ್ದು ಒಂದೇ ಗೋಡೆ. ಅದರಾಚೆ ಕೊಟ್ಟಿಗೆ. ಸನೋಬರ್ ಕಾಲನ್ನು ಅದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. "ಇಲ್ಲಿ ಹಸು ಇದೆ ಬೀಬಿ. ಅದಕ್ಕೇನಾದ್ರೂ ಬೇಜಾರಾದ್ರೆ ಕಾಲು ಗಂಟೆ ಬಿಟ್ಟು ನಾನೇ ಹೋಗಿ ಕ್ಷಮೆ ಕೇಳ್ತೀನಿ."

ಬೀಬಿ ರಿಸಾಲತ್‌ಗೆ ಎಪ್ಪತ್ತೊಂದು ವರ್ಷ. ಸೊಂಟದಲ್ಲಿ ಪೆಟ್ಟಿಗೆಯ ಬೀಗದ ಕೈ, ಬಾಯಲ್ಲಿ ಸದಾ ಒಂದು ಮಾತು. ಆದರೆ ಇಂಥ ಉತ್ತರವನ್ನು ಅವಳು ಇಪ್ಪತ್ತೊಂದು ವರ್ಷದಲ್ಲಿ ಈ ಸೊಸೆಯಿಂದ ಕೇಳಿರಲಿಲ್ಲ. ಹೊಸ್ತಿಲಲ್ಲಿ ನಿಂತು, "ಮಟಮಟ ಮಧ್ಯಾಹ್ನ ಕಾಲೆತ್ಕೊಂಡು ಮಲಗೋ ಸೊಸೇನ ದೇವರು ನನಗೇ ಇಟ್ಟಿದ್ದ," ಎಂದು ಅಂಗಳಕ್ಕೆ ನಡೆದಳು. ಅಂಗಳದಾಚೆಯ ಮನೆಯವರಿಗೂ ಕೇಳಿಸುವಷ್ಟು ಜೋರಾಗಿಯೇ ಅಂದಿದ್ದಳು.

ಎರಡು ದಿನದ ಹಿಂದೆ ಸನೋಬರ್ ತಂದೂರಿನ ಮುಂದೆ ಬವಳಿ ಬಂದು ಬಿದ್ದಿದ್ದಳು. ರೊಟ್ಟಿ ಬಡಿಯಲು ಬಾಗಿದವಳು ಒಳಗೇ ಬೀಳಬೇಕಿತ್ತು. ಹಣೆ ಅಂಚಿಗೆ ಬಡಿದು ಹೊರಗೆ ಉರುಳಿದ್ದರಿಂದ ಬದುಕಿಕೊಂಡಳು. ಏಪ್ರಿಲ್‌ನಲ್ಲಿ ಮಗಳು ಗುಲ್ರುವನ್ನು ಮದುವೆ ಮಾಡಿಕೊಟ್ಟ ಮೇಲೆ ಮನೆಯಲ್ಲಿ ನಾಲ್ಕು ಕೈ ಮಾಡುತ್ತಿದ್ದ ಕೆಲಸ ಎರಡು ಕೈಗೆ ಬಂದಿತ್ತು. ಹಸು, ತೋಟ, ರೊಟ್ಟಿ, ನೀರು. ಎಲ್ಲರದೂ ಆದ ಮೇಲೆ ತಣ್ಣಗಿನ ರೊಟ್ಟಿಯನ್ನು ಸಕ್ಕರೆ ಚಹಾದಲ್ಲಿ ಅದ್ದಿ ತಿನ್ನುವುದೇ ಅವಳ ಊಟ.

ಊರಿನ ಆರೋಗ್ಯ ಕೇಂದ್ರದ ನರ್ಸ್ ಮಸ್ತೂರಾ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದಳು.

"ಇಲ್ಲಿ ರಕ್ತ ಇರಬೇಕಿತ್ತು. ಇರೋದು ಮಜ್ಜಿಗೆ."

"ಮಾತ್ರೆ ಕೊಡಿ ಅಕ್ಕಾ."

"ಕೊಡ್ತೀನಿ. ಮಾತ್ರೆ ಒಂದೇ ನಿನ್ನ ಎತ್ತಿ ನಿಲ್ಲಿಸಲ್ಲ. ಬೆಳಿಗ್ಗೆ ಹತ್ತಕ್ಕೆ ಒಂದು ಹಿಡಿ, ಸಂಜೆ ನಾಲ್ಕಕ್ಕೆ ಒಂದು ಹಿಡಿ ಏನಾದ್ರೂ ಗಟ್ಟಿಯಾದ್ದು ತಿನ್ನು. ಒಣ ಹಿಪ್ಪುನೇರಳೆ, ಅಕ್ರೋಟು, ಜರ್ದಾಳು ಹಣ್ಣು. ಮಧ್ಯಾಹ್ನ ಕಾಲು ಗಂಟೆ ಕಾಲೆತ್ತಿ ಮಲಗು."

"ಎಲ್ಲಿ ಮಲಗಲಿ?"

"ನಿನ್ನ ಮನೇಲಿ."

"ಅದು ಅತ್ತೆ ಮನೆ."

"ಹಂಗಾದ್ರೆ ಇನ್ನೊಂದು ಸಲ ಬೀಳು. ಗುಡ್ಡದ ಮೇಲೆ ಸ್ವಂತ ಮನೆ ಸಿಗುತ್ತೆ, ಆರಡಿ ಮೂರಡಿ. ಯಾರೂ ಎಬ್ಬಿಸೋಕೆ ಬರಲ್ಲ."

ಸನೋಬರ್ ಮನೆಗೆ ಬಂದವಳೇ ಪೆಟ್ಟಿಗೆಯ ಬೀಗದ ಕೈ ಕೇಳಿದಳು. ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಅವಳೇ ಆರಿಸಿ, ಅವಳೇ ಮಾಳಿಗೆ ಮೇಲೆ ಒಣಗಿಸಿ, ಅವಳೇ ಒಡೆದು ತುಂಬಿಟ್ಟದ್ದು.

"ಅದು ಅತಿಥಿಗಳಿಗೆ," ಎಂದಳು ಬೀಬಿ.

"ಅತಿಥಿ ಯಾವಾಗ ಬರ್ತಾರೆ?"

"ಅದನ್ನ ಕೇಳಬಾರದು. ಬಂದಾಗ ಇರಬೇಕು."

ಜರಫ್ಶಾನ್ ನದಿಯ ಈ ದಂಡೆಯಲ್ಲಿ ಯಾರ ಮನೆಗೆ ಹೋದರೂ ಇದೇ ಕಥೆ. ಒಳ್ಳೆಯದೆಲ್ಲ ಬೀಗದೊಳಗೆ. ಅತಿಥಿ ಬಂದು ಮರ್ಯಾದೆಗೆ ಎರಡು ಕಾಳು ಬಾಯಿಗೆ ಹಾಕಿಕೊಂಡು ಹೋಗುತ್ತಾನೆ, ಉಳಿದದ್ದು ವಾಪಸ್ ಬೀಗದೊಳಗೆ. ಅದನ್ನು ಬೆಳೆದ ಹೆಂಗಸು ಮಾತ್ರ ಸಕ್ಕರೆ ನೀರು ಕುಡಿದು ಬದುಕಬೇಕು. ಸನೋಬರಳ ತಾಯಿ ನಲವತ್ತೊಂದಕ್ಕೆ ಸತ್ತಾಗ ಅವಳ ತಲೆಯ ಮೇಲಿನ ತೊಲೆಗಳಲ್ಲಿ ಜರ್ದಾಳಿನ ಎಂಟು ಚೀಲ ನೇತಾಡುತ್ತಿದ್ದವು. ಹೆಣ ನೋಡಲು ಬಂದವರು ತಿಂದರು. ಸನೋಬರಳಿಗೆ ಈಗ ನಲವತ್ತು.

ಕಾಲುವೆಯ ಪಕ್ಕದ ದಾರಿಯಲ್ಲಿ ಒಂದು ಬಿಳಿ ಹಿಪ್ಪುನೇರಳೆ ಮರವಿತ್ತು. ಯಾರು ನೆಟ್ಟದ್ದೋ ಗೊತ್ತಿಲ್ಲ. ಅದರ ಹಣ್ಣು ದಾರಿಹೋಕರದ್ದು. ಜೂನ್‌ನಲ್ಲಿ ಸನೋಬರ್ ಅದರ ಕೆಳಗೆ ಹಳೆಯ ಪರದೆ ಹಾಸಿ, ಕೊಂಬೆ ಹಿಡಿದು ಅಲ್ಲಾಡಿಸಿದಳು. ಹಣ್ಣು ಆಲಿಕಲ್ಲಿನಂತೆ ತಲೆಯ ಮೇಲೆ, ಭುಜದ ಮೇಲೆ ಸುರಿಯಿತು.

ನೀರಿಗೆ ಬಂದ ಪಕ್ಕದ ಮನೆಯವಳು ನಿಂತು ನೋಡಿದಳು. "ಮನೇಲಿ ಮೂರು ಮರ ಇಟ್ಕೊಂಡು ಬೀದಿ ಮರಕ್ಕೆ ಬಂದೆಯಾ? ಬೀಬಿ ನಿನ್ನ ಬೇರೆ ಹಾಕಿದ್ಲಾ?"

"ಇಲ್ಲ. ನನ್ನ ಹೊಟ್ಟೇನ ನಾನೇ ಬೇರೆ ಹಾಕ್ಕೊಂಡಿದೀನಿ."

ಕೊಟ್ಟಿಗೆಯ ಮಾಡಿನ ಮೇಲೆ ಹಣ್ಣು ಹದಿನೈದು ದಿನ ಒಣಗಿತು. ತವರಿನಿಂದ ಅವಳ ತಮ್ಮ ಒಂದು ಚೀಲ ಅಕ್ರೋಟು ತಂದುಕೊಟ್ಟ. ಎರಡನ್ನೂ ಒರಳಿಗೆ ಹಾಕಿ ಕುಟ್ಟಿದಳು. ಒಣ ಹಿಪ್ಪುನೇರಳೆ ಕುಟ್ಟುವುದು ಹುಡುಗಾಟವಲ್ಲ. ನಾಲ್ಕು ಏಟಿಗೆ ಒನಕೆಗೆ ಅಂಟಿಕೊಳ್ಳುತ್ತದೆ, ಕೆರೆದು ಬಿಡಿಸಿ ಮತ್ತೆ ಕುಟ್ಟಬೇಕು. ಅಕ್ರೋಟು ಎಣ್ಣೆ ಬಿಟ್ಟು ಎರಡೂ ಒಂದಾದ ಮೇಲೆ ಅಂಗೈಯಲ್ಲಿ ಒತ್ತಿ ಚಪ್ಪಟೆ ಉಂಡೆ ಮಾಡಿದಳು. ಸಕ್ಕರೆ ಇಲ್ಲ, ಬೆಣ್ಣೆ ಇಲ್ಲ. ತಲ್ಕಾನ್ ಎಂದರೆ ಇಷ್ಟೇ. ಖಾಲಿ ಬಿಸ್ಕತ್ತಿನ ಡಬ್ಬಿಗೆ ತುಂಬಿ ತನ್ನ ಬಟ್ಟೆಗಳ ನಡುವೆ ಇಟ್ಟುಕೊಂಡಳು.

ಮರುದಿನ ಹತ್ತು ಗಂಟೆಗೆ ಅಂಗಳದ ಮರದ ಜಗಲಿಯ ಮೇಲೆ, ಬೀದಿಗೆ ಕಾಣುವಂತೆ ಕೂತು ಎರಡು ಉಂಡೆ ತಿಂದಳು. ಒಬ್ಬಳೇ, ಅವಸರವಿಲ್ಲದೆ.

"ಒಂಟಿಯಾಗಿ ತಿನ್ನೋದು ಕತ್ತೆ," ಎಂದಳು ಬೀಬಿ.

"ಕತ್ತೆ ಯಾವತ್ತಾದ್ರೂ ಬವಳಿ ಬಂದು ಬಿದ್ದದ್ದು ನೋಡಿದೀರಾ? ತಗೊಳ್ಳಿ, ನೀವೂ ಒಂದು ತಿನ್ನಿ. ಆಗ ನಾನು ಒಂಟಿ ಅಲ್ಲ."

ಬೀಬಿ ಮುಖ ತಿರುಗಿಸಿದಳು. ಸನೋಬರ್ ದಿನಾ ಒಂದು ಉಂಡೆ ಮುಂದೆ ಹಿಡಿದಳು, ಬೀಬಿ ದಿನಾ ಮುಖ ತಿರುಗಿಸಿದಳು.

ಗಂಡ ಕುದ್ರತ್ ಪಟ್ಟಣಕ್ಕೆ ವ್ಯಾನು ಓಡಿಸುತ್ತಿದ್ದ. ಕೆಟ್ಟವನಲ್ಲ, ತಾಯಿ ಮತ್ತು ಹೆಂಡತಿ ಮಾತಿಗೆ ನಿಂತಾಗ ಚಕ್ರಕ್ಕೆ ಗಾಳಿ ಇದೆಯೋ ಇಲ್ಲವೋ ನೋಡಲು ಹೊರಗೆ ಹೋಗುವ ಜಾತಿಯವನು. "ಒಳಗೆ ಕೂತು ತಿನ್ನಬಾರದಾ? ಬೀದಿಗೆ ಕಾಣುತ್ತೆ," ಎಂದ ಒಂದು ದಿನ.

"ಕಳ್ಳತನದಲ್ಲಿ ತಿನ್ನೋಕೆ ನಾನೇನು ಕದ್ದಿದೀನಾ ಗುಲ್ರು ಅಪ್ಪಾ?"

ಅವನು ಚಕ್ರ ನೋಡಲು ಹೋದ.

ಬೇಸಿಗೆ ಹೀಗೇ ಕಳೆಯಿತು. ಡಬ್ಬಿ ಖಾಲಿಯಾದಾಗಲೆಲ್ಲ ಮತ್ತೆ ಕುಟ್ಟಿ ತುಂಬಿಕೊಂಡಳು. ಹತ್ತಕ್ಕೆ ಉಂಡೆ, ಮಧ್ಯಾಹ್ನ ಕೊಟ್ಟಿಗೆ ಗೋಡೆಗೆ ಕಾಲು, ನಾಲ್ಕಕ್ಕೆ ಉಂಡೆ. ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು, ಒಡೆದ ಹಿಮ್ಮಡಿಗೆ ಜರ್ದಾಳು ಬೀಜದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಮದುವಣಗಿತ್ತಿ," ಎಂದು ಬೀಬಿ ಹಂಗಿಸಿದಳು. "ಹೌದು, ಈ ಸಲ ನನ್ನ ನಾನೇ ಮದುವೆ ಮಾಡ್ಕೊಂಡಿದೀನಿ," ಎಂದಳು ಸನೋಬರ್. ಸೆಪ್ಟೆಂಬರ್ ಹೊತ್ತಿಗೆ ಅವಳು ಏಣಿಯ ನಡುವೆ ನಿಲ್ಲದೆ ಮಾಳಿಗೆ ಹತ್ತುತ್ತಿದ್ದಳು. ಮಸ್ತೂರಾ ಮತ್ತೆ ರೆಪ್ಪೆ ಎಳೆದು ನೋಡಿ, "ಕೆಂಪು ಬಂದಿದೆ. ದಾಳಿಂಬೆ ಆಗೋಕೆ ಇನ್ನೂ ಟೈಮಿದೆ, ನಿಲ್ಲಿಸಬೇಡ," ಎಂದಳು.

ಅಕ್ಟೋಬರ್‌ನಲ್ಲಿ ಪಟ್ಟಣದಲ್ಲಿರುವ ಗುಲ್ರುವಿನ ಅತ್ತೆ ಮಾವ, ಹೊಸ ಬೀಗರು, ಮದುವೆಯಾದ ಮೇಲೆ ಮೊದಲ ಸಲ ಬರುತ್ತೇವೆಂದು ಹೇಳಿ ಕಳಿಸಿದರು. ಗುಲ್ರು ಬರುವುದಿಲ್ಲ, ಅಲ್ಲಿ ಮನೆ ನೋಡಿಕೊಳ್ಳಲು ಒಬ್ಬರು ಬೇಕು.

ಅವರು ಬರುವ ಬೆಳಿಗ್ಗೆ ಬೀಬಿ ಪೆಟ್ಟಿಗೆಯ ಬೀಗ ತೆಗೆದಳು. ತಲ್ಕಾನಿನ ಚೀಲ ಬಿಚ್ಚಿದಳು. ಒಳಗೆ ಬಿಳಿ ಬಲೆ ಕಟ್ಟಿತ್ತು. ಒಂದು ಉಂಡೆ ಮುರಿದಳು. ಹುಳ. ಇನ್ನೊಂದು ಮುರಿದಳು. ಹುಳ. ಅಕ್ರೋಟು ಮೂಸಿದಳು, ಕಮಟು ವಾಸನೆ. ಎರಡು ಚಳಿಗಾಲ ದಾಟಿದ ಸರಕು. ಪೆಟ್ಟಿಗೆಯ ಮುಂದೆ ಹಾಗೇ ಕೂತುಬಿಟ್ಟಳು. ಹಿಟ್ಟು ನಾದುತ್ತಿದ್ದ ಸನೋಬರ್ ನೋಡಿ ಮತ್ತೆ ನಾದತೊಡಗಿದಳು.

"ನಿನ್ನ ಡಬ್ಬಿ ತಾ," ಎಂದಳು ಬೀಬಿ ಕೊನೆಗೆ.

"ಅದು ನಂದು."

"ಬೀಗರು ಬರ್ತಿದಾರೆ. ತಲ್ಕಾನ್ ಇಲ್ಲದ ದಸ್ತರ್‌ಖಾನ್ ಹಾಸಿದ್ರೆ ಪಟ್ಟಣದ ತುಂಬ ಹೇಳ್ಕೊಂಡು ತಿರುಗ್ತಾರೆ. ಮನೆ ಮಾನದ ಮಾತು ಇದು."

"ನಾನು ಬಿದ್ದಾಗ ಯಾರ ಮಾನ ಬಿತ್ತು ಬೀಬಿ?"

"ಕೊಡಲ್ಲ ಅಂದ್ರೆ ನಿನ್ನ ತಮ್ಮನ ಮನೆಗೆ ಕಳಿಸ್ತೀನಿ. ಇವತ್ತೇ."

"ಕಳಿಸಿ. ಡಬ್ಬಿ ಜೊತೆಗೇ ಬರುತ್ತೆ."

ಬೀಬಿ ಹುಳ ಬಿದ್ದ ಚೀಲದ ಬಾಯಿ ಕಟ್ಟಿದಳು, ಮತ್ತೆ ಬಿಚ್ಚಿ ಒಳಗೆ ನೋಡಿದಳು. ಸನೋಬರ್ ಕೈಗೆ ಅಂಟಿದ ಹಿಟ್ಟು ಉಜ್ಜಿ ತೆಗೆದು ಎದ್ದಳು. "ತರ್ತೀನಿ. ಆದ್ರೆ ಡಬ್ಬಿ ನಿಮ್ಮ ಕೈಗೆ ಕೊಡಲ್ಲ. ನಾನೇ ತರ್ತೀನಿ."

ಬೀಗರು ಹತ್ತು ಗಂಟೆಗೆ ಸ್ವಲ್ಪ ಮುಂಚೆ ಬಂದರು. ಬೀಗಿತ್ತಿ ಲುತ್ಫಿಯಾ ದಪ್ಪನೆಯ ಹೆಂಗಸು, ಮೊಣಕಾಲು ಹಿಡಿದುಕೊಂಡು ಕೂತಳು. ಬೀಗ ಒಣಕಲು ಮನುಷ್ಯ. ಅವರ ಎದುರು ಬೀಬಿ, ಪಕ್ಕದಲ್ಲಿ ಕುದ್ರತ್. ನಡುವೆ ಹಾಸಿದ ದಸ್ತರ್‌ಖಾನಿನ ಬಟ್ಟೆಯ ಮೇಲೆ ರೊಟ್ಟಿ, ದ್ರಾಕ್ಷಿ, ಅಂಗಡಿಯ ಬಣ್ಣದ ಮಿಠಾಯಿ. ಸೊಸೆಯ ಜಾಗ ಬಾಗಿಲ ಬಳಿ, ಚಹಾದ ಕೆಟಲ್ ಪಕ್ಕ, ಅರ್ಧ ಮಂಡಿಯೂರಿ. ಸನೋಬರ್ ಒಂದು ಸುತ್ತು ಚಹಾ ಸುರಿದು ಹೊರಗೆ ಹೋದಳು.

ತಟ್ಟೆ ತುಂಬ ತಲ್ಕಾನ್ ತಂದು ನಡುವೆ ಇಟ್ಟಳು. ಇಟ್ಟು ಬಾಗಿಲ ಬಳಿಗೆ ಹೋಗಲಿಲ್ಲ. ಬೀಬಿಗೂ ಬೀಗಿತ್ತಿಗೂ ನಡುವೆ ಇದ್ದ ಖಾಲಿ ಕೌದಿಯ ಮೇಲೆ ಪೂರ್ತಿ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಉಂಡೆ ತೆಗೆದು ಕಚ್ಚಿದಳು.

"ತಗೊಳ್ಳಿ ಬೀಗರೇ. ಇದು ನನಗೇ ಅಂತ ಮಾಡ್ಕೊಂಡದ್ದು. ನಿಮಗೂ ಕೊಡ್ತಿದೀನಿ."

ಕುದ್ರತ್ ಕಿಟಕಿಯಿಂದ ವ್ಯಾನಿನ ಕಡೆ ನೋಡಿದ. ಬೀಗ ಮಾತ್ರ ಒಂದು ಬಾಯಿಗೆ ಹಾಕಿಕೊಂಡ, ಅಗಿದ, ಇನ್ನೊಂದಕ್ಕೆ ಕೈಚಾಚಿದ. "ಹೊಸದು. ಯಾರ ಮನೆಗೆ ಹೋದ್ರೂ ಹೋದ ವರ್ಷದ್ದೇ ತಿನ್ನಿಸ್ತಾರೆ. ಹೊಸ ತಲ್ಕಾನ್ ರುಚಿಯೇ ಮರೆತುಹೋಗಿತ್ತು."

ಲುತ್ಫಿಯಾ ಅವನ ಕಡೆ ನೋಡದೆ ಬೀಬಿಯನ್ನು ಕೇಳಿದಳು. "ನಿಮ್ಮಲ್ಲಿ ಸೊಸೆಯಂದಿರು ಜೊತೇಲಿ ಕೂತ್ಕೋತಾರಾ?"

ಬೀಬಿ ಬಾಯಿ ತೆರೆಯುವ ಮೊದಲೇ, "ಈ ವರ್ಷದಿಂದ," ಎಂದಳು ಸನೋಬರ್. "ನನ್ನ ಮಗಳು ಹೇಗಿದಾಳೆ?"

"ಚೆನ್ನಾಗಿದಾಳೆ. ಕೈ ಚುರುಕು. ಬಾಯಿ ಕಡಿಮೆ."

"ಊಟ?"

"ಇದೇನು ಕೇಳ್ತೀರಿ? ನಾವು ತಿಂದದ್ದೇ ತಿಂತಾಳೆ."

"ಯಾವಾಗ?"

ಲುತ್ಫಿಯಾ ಬಟ್ಟಲನ್ನು ಕೆಳಗಿಟ್ಟಳು. "ಎಲ್ಲರದೂ ಆದ ಮೇಲೆ. ಎಲ್ಲರ ಮನೇಲೂ ಹಂಗೇ ಅಲ್ವಾ."

"ಹಂಗೇ ತಿಂದು ನಾನು ಮೇ ತಿಂಗಳಲ್ಲಿ ತಂದೂರಿನ ಮುಂದೆ ಬಿದ್ದೆ. ಇಲ್ಲಿ ನೋಡಿ." ಸನೋಬರ್ ತಲೆವಸ್ತ್ರ ಹಿಂದೆ ಸರಿಸಿ ಹಣೆಯ ಗಾಯದ ಗುರುತು ತೋರಿಸಿದಳು. "ಡಬ್ಬೀಲಿ ಇನ್ನೂ ಇದೆ. ಹೋಗ್ತಾ ತಗೊಂಡು ಹೋಗಿ. ದಿನಾ ಹತ್ತಕ್ಕೆ ಅವಳು ನಿಮ್ಮ ಎದುರಿಗೇ ಕೂತು ತಿನ್ನಲಿ. ಮುಂದಿನ ತಿಂಗಳು ಬಂದು ಅವಳ ರೆಪ್ಪೆ ಎಳೆದು ನೋಡ್ತೀನಿ."

"ಸಾಕು ಸುಮ್ನಿರೇ," ಎಂದ ಕುದ್ರತ್.

"ಇಪ್ಪತ್ತೊಂದು ವರ್ಷ ಸುಮ್ನಿದ್ದೆ."

ಬೀಬಿ ಕೈಯಲ್ಲಿದ್ದ ರೊಟ್ಟಿ ಚೂರನ್ನು ಇನ್ನೂ ಚಿಕ್ಕ ಚೂರು ಮಾಡುತ್ತಿದ್ದಳು. ಈ ಸಂಬಂಧ ಇಲ್ಲಿಗೆ ಮುಗಿಯಿತು, ಮೊಮ್ಮಗಳು ಗಂಟು ಮೂಟೆ ಕಟ್ಟಿಕೊಂಡು ವಾಪಸ್ ಬರುತ್ತಾಳೆ ಎನ್ನುವುದು ಅವಳ ಮುಖದಲ್ಲಿ ಬರೆದಂತಿತ್ತು. ಸನೋಬರಳಿಗೂ ಅದೇ ಭಯವಿತ್ತು. ಆದರೂ ಕಣ್ಣು ಕೆಳಗಿಳಿಸಲಿಲ್ಲ.

ಲುತ್ಫಿಯಾ ತಟ್ಟೆಯಿಂದ ಒಂದು ಉಂಡೆ ತೆಗೆದು ಬೆರಳಲ್ಲಿ ತಿರುಗಿಸಿದಳು. "ಹತ್ತಕ್ಕೇ ಯಾಕೆ?"

"ಬೆಳಗ್ಗಿನ ಜಾವಕ್ಕೆ ಎದ್ದು ಹಿಟ್ಟು ನಾದಿದ್ರೆ ಹತ್ತಕ್ಕೆ ಕಣ್ಣು ಕತ್ತಲೆ ಬರುತ್ತೆ. ನಿಮಗೆ ಬರ್ತಿರಲಿಲ್ವಾ?"

ಲುತ್ಫಿಯಾ ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ನನಗೆ ಹನ್ನೊಂದಕ್ಕೆ ಬರ್ತಿತ್ತು," ಎಂದಳು.

ಆಮೇಲೆ ತಟ್ಟೆಯನ್ನು ಬೀಬಿಯ ಕಡೆಗೆ ಸರಿಸಿದಳು. ಅತಿಥಿಯೇ ಮುಂದೆ ಸರಿಸಿದ ಮೇಲೆ ಮುಖ ತಿರುಗಿಸಲು ಬರುವುದಿಲ್ಲ. ಬೀಬಿ ಒಂದು ಚೂರು ಮುರಿದುಕೊಂಡಳು.

ಬೀಗನ ಬಟ್ಟಲು ಖಾಲಿಯಾಗಿತ್ತು. ಬೀಬಿ ಬಾಗಿಲ ಕಡೆಗೆ ಕೈಚಾಚಿ ಕೆಟಲ್ ಎತ್ತಿದಳು, ಹಗುರವಾಗಿತ್ತು. ಮುಚ್ಚಳ ತೆಗೆದು ಒಳಗೆ ನೋಡಿದಳು, ಸೊಸೆಯನ್ನು ನೋಡಿದಳು. ಸನೋಬರ್ ಎರಡನೆಯ ಉಂಡೆ ತಿನ್ನುತ್ತಿದ್ದಳು. ಬೀಬಿ ಕೆಟಲನ್ನು ಕೆಳಗಿಡಲಿಲ್ಲ, ಯಾರಿಗೂ ಕೊಡಲೂ ಇಲ್ಲ, ಹಾಗೇ ಹಿಡಿದುಕೊಂಡು ಕೂತಳು. ಕೊನೆಗೆ ಕುದ್ರತ್ ಎದ್ದು, ತಾಯಿಯ ಕೈಯಿಂದ ಅದನ್ನು ತೆಗೆದುಕೊಂಡು ಹೊರಗೆ ಹೋದ.

ಅಂಗಳದಾಚೆಯ ಅಡುಗೆಮನೆಯ ಬಾಗಿಲು ಕಿಟಕಿಯಿಂದ ಕಾಣುತ್ತಿತ್ತು. ಅವನು ಗೂಡಿನ ಮುಂದೆ ನಿಂತು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಮೂಸುತ್ತಿದ್ದ. ಜೀರಿಗೆ. ಅರಿಸಿನ. ಉಪ್ಪನ್ನೂ ಮೂಸಿದ. ನಾಲ್ಕನೆಯದನ್ನು ಬೆಳಕಿಗೆ ಹಿಡಿದು, ಚಹಾಪುಡಿಯೇ ಹೌದೋ ಅಲ್ಲವೋ ಎಂದು ಎರಡು ಎಲೆ ನಾಲಿಗೆಯ ಮೇಲೆ ಇಟ್ಟು ನೋಡಿದ.